ಅತ್ತೆಯ ಡಬ್ಬಿಯ ಹುಣಸೆ ಬೀಜ

ಹುಣಸೆಹಣ್ಣಿನ ಬೀಜ ಬಿಡಿಸುವಾಗಲೆಲ್ಲ ನನಗೆ ಈಗಲೂ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ.

ಹರಿಹರದ ನಮ್ಮ ಮನೆಯಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ಕರುಳಿನ ಬೇನೆಯಿಂದ ಸೊರಗಿದ್ದಳು. ಕ್ರೋನ್ಸ್ ಎಂಬ ಹೆಸರನ್ನು ಆಗ ನಾವ್ಯಾರೂ ಕೇಳಿರಲಿಲ್ಲ. ದಾವಣಗೆರೆ ಆಸ್ಪತ್ರೆಯ ನರ್ಸಮ್ಮ ಅವಳಿಗೊಂದು ಡಬ್ಬಿ ಕೊಟ್ಟು, "ಹೊರಕಡೆಗೆ ಹೋದಾಗೆಲ್ಲ ಇದ್ರಾಗೆ ಒಂದು ಹುಣಸೆ ಬೀಜ ಹಾಕವ್ವ. ಎಂಟು ದಿನ ಬಿಟ್ಟು ತಗಂಡು ಬಾ" ಎಂದಿದ್ದರು.

ಎಂಟನೆಯ ದಿನ ಡಬ್ಬಿ ತುಂಬಿತ್ತು. ಅತ್ತೆ ಹಿತ್ತಲಿಗೆ ಹೋದಾಗ ಅಜ್ಜಿ ಒಂದು ಹಿಡಿ ಉಳಿಸಿ, ಮಿಕ್ಕ ಬೀಜವನ್ನೆಲ್ಲ ನನ್ನ ಲಂಗಕ್ಕೆ ಸುರಿದಳು.

"ಇಷ್ಟು ಸಲ ಅಂತ ಗೊತ್ತಾದ್ರೆ ಹೆಣ್ಣು ನೋಡಾಕೆ ಯಾರು ಬರ್ತಾರೆ? ಆಡ್ಕೋ ಹೋಗು. ಬಾಯಿ ಬಿಡಬ್ಯಾಡ."

ಆಸ್ಪತ್ರೆಗೆ ನಾನೂ ಹೋಗಿದ್ದೆ. ನರ್ಸಮ್ಮ ಬೀಜ ಎಣಿಸಿದರು, ಅತ್ತೆಯನ್ನು ತೂಗಿದರು. "ಗುಣ ಆಗೈತಲ್ಲ! ಮತ್ತೆ ತೂಕ ಯಾಕ ಇಳಿದೈತೆ?"

"ಉಣ್ಣಲ್ರಿ, ಬರೀ ಹಟ" ಎಂದಳು ಅಜ್ಜಿ. ಅತ್ತೆ ಡಬ್ಬಿಯನ್ನು ನೋಡಿದಳು, ನನ್ನನ್ನೂ ನೋಡಿದಳು. ನಾನು ಬಾಯಿ ಬಿಡಲಿಲ್ಲ.

ಸಂಜೆ ಅದೇ ಬೀಜಗಳಿಂದ ಅತ್ತೆಯ ಜೊತೆ ಅಳಗುಳಿಮಣೆ ಆಡಲು ಕೂತೆ. ಹಿತ್ತಲಿಗೆ ಎದ್ದಾಗಲೆಲ್ಲ ಅವಳು ಮಣೆಯಿಂದ ಒಂದು ಬೀಜ ತೆಗೆದು ಡಬ್ಬಿಗೆ ಹಾಕಿ ಹೋಗುತ್ತಿದ್ದಳು.

ಆಟ ಕೆಡಿಸುತ್ತಾಳೆಂದು ನಾನು ಅವಳ ಮೇಲೆಯೇ ರೇಗಿದೆ.