ಸಕ್ಕರೆ ಬಾಟಲಿ

ಥಿಯೇಟರಿನ ಪರದೆಯೊಳಗೇ ಬಂದು ಕೂರಲು ಜನರಿಗೆ ಟಿಕೆಟ್ ಕೊಡತೊಡಗಿದ ಮೇಲೆ ನಮ್ಮ ಸಿನಿಮಾದೊಳಗಿನ ಬಾರ್‌ಗೆ ಹೊರಗಿನವರ ಕಾಟ ತಪ್ಪಿಲ್ಲ. ನಾನು ಇಲ್ಲಿ ಸಪ್ಲೈಯರ್. ಪ್ರತಿ ಆಟದಲ್ಲೂ ಹೀರೋ ಬಾಗಿಲು ಒದ್ದು ಬರುತ್ತಾನೆ, ಮೂಲೆಯ ಟೇಬಲ್ಲಿನ ಮೇಲಿರುವ ಬಾಟಲಿ ಎತ್ತಿ ರೌಡಿ ಮುನಿಕೃಷ್ಣನ ತಲೆಗೆ ಹೊಡೆಯುತ್ತಾನೆ. ಬಾಟಲಿ ಸಕ್ಕರೆ ಪಾಕದಲ್ಲಿ ಮಾಡಿದ್ದು. ದೃಶ್ಯ ಮುಗಿದ ಮೇಲೆ ಮುನಿಕೃಷ್ಣ ಎದ್ದು, ತಲೆ ಕೊಡವಿ, ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ.

ಇವತ್ತು ಮ್ಯಾಟಿನಿಗೆ ಅದೇ ಟೇಬಲ್ಲಿಗೆ ಒಬ್ಬ ಕನ್ನಡಕದವನು ಬಂದು ಕೂತ. ನಾನು ಕೊಟ್ಟಿದ್ದನ್ನು ಒಂದು ಗುಟುಕು ಕುಡಿದು ಉಗಿದ.

"ಏನೋ ಇದು? ಬರೀ ಟೀ ಡಿಕಾಕ್ಷನ್ನು!"

"ಸಿನಿಮಾದಲ್ಲಿ ಎಲ್ರೂ ಕುಡಿಯೋದು ಇದನ್ನೇ. ಏಳಿ ಸಾರ್, ಇದು ಫೈಟಿನ ಟೇಬಲ್ಲು."

"ಟಿಕೆಟ್ ತಗೊಂಡು ಬಂದಿದೀನಿ ಕಣೋ. ಮುಚ್ಕೊಂಡು ಹೋಗು."

ಅವನು ಸಕ್ಕರೆ ಬಾಟಲಿಯನ್ನು ಟೇಬಲ್ಲಿನ ಕೆಳಗಿಟ್ಟು, ಬ್ಯಾಗಿನಿಂದ ತನ್ನದೇ ಬಿಯರ್ ಬಾಟಲಿ ತೆಗೆದು ಮೇಲಿಟ್ಟ. ದಪ್ಪ ಗಾಜಿನದು. ಕಿತ್ತುಕೊಳ್ಳಲು ಕೈ ಹಾಕಿದೆ. ಅವನು ನನ್ನ ಕೊರಳಪಟ್ಟಿ ಹಿಡಿದು ದಬ್ಬಿದ. ಅಷ್ಟರಲ್ಲಿ ಬಾಗಿಲು ಒದ್ದ ಸದ್ದಾಯಿತು.

"ಮುನಿ, ತಪ್ಪಿಸ್ಕೊಳೋ!" ಎಂದು ಕಿರುಚಿದೆ. ಈ ಸಿನಿಮಾದಲ್ಲಿ ನನಗೆ ಮಾತಿಲ್ಲ. ಹೀರೋ ಒಳಗೆ ಬಂದ ಮೇಲೆ ನಾನು ಎಷ್ಟು ಕಿರುಚಿದರೂ ಹಿನ್ನೆಲೆ ಸಂಗೀತವೊಂದೇ ಕೇಳುವುದು.

ಮುನಿಕೃಷ್ಣ ಎಂದಿನಂತೆ ತಲೆ ಬಗ್ಗಿಸಿ ಕೊಟ್ಟ. ಹೀರೋ ಕೈಗೆ ಸಿಕ್ಕ ಬಾಟಲಿಯನ್ನು ಬೀಸಿದ.

ದೃಶ್ಯ ಮುಗಿಯಿತು. ಮುನಿಕೃಷ್ಣ ಏಳಲಿಲ್ಲ. ಥಿಯೇಟರಿನ ತುಂಬ ಶಿಳ್ಳೆ. ಕನ್ನಡಕದವನು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟುತ್ತ ಕೂಗಿದ.

"ಒನ್ಸ್ ಮೋರ್!"