ಎಡಗಡೆಯ ಸ್ಪೀಕರ್

ಮೆಕ್ಯಾನಿಕ್ ಎಡಗಡೆಯ ಸ್ಪೀಕರನ್ನು ದೋಣಿಯ ಹಲಗೆಯಿಂದ ಹೊರಗೆಳೆದು, ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಅದರ ಬೆನ್ನಿನ ಅಯಸ್ಕಾಂತಕ್ಕೆ ಅಂಟಿಸಿದ. ಸ್ಕ್ರೂ ಕಳೆಯದಿರಲೆಂದು ಅವನು ಯಾವಾಗಲೂ ಮಾಡುತ್ತಿದ್ದುದೇ ಹಾಗೆ. ಅಷ್ಟರಲ್ಲಿ ಗೇಣುದೂರದಲ್ಲಿದ್ದ ದಿಕ್ಸೂಚಿಯ ಮುಳ್ಳು ಮಿಸುಕಿತು. ದೋಣಿ ತಿರುಗಿತೇನೋ ಎಂದುಕೊಂಡು ತಲೆ ಎತ್ತಿದ. ದೋಣಿ ತಿರುಗಿರಲಿಲ್ಲ. ಹಾಯಿ ಸುತ್ತಿಟ್ಟು, ಹಿಂದೆ ಮುಂದೆ ಹಗ್ಗ ಬಿಗಿದು ದಡದ ಧಕ್ಕೆಗೆ ಕಟ್ಟಿದ್ದರು.

ಸ್ಪೀಕರನ್ನು ಮತ್ತೆ ತೂತಿನ ಹತ್ತಿರ ಹಿಡಿದ. ಮುಳ್ಳು ಎರಡು ಬೆರಳಿನಷ್ಟು ಓರೆಯಾಯಿತು. ದೂರ ಸರಿಸಿದ. ನೆಟ್ಟಗಾಯಿತು. ಇನ್ನೊಮ್ಮೆ ಹಿಡಿದು ನೋಡಿದ. ಮೂರನೆಯ ಸಲ ನೋಡುವ ಧೈರ್ಯವಾಗಲಿಲ್ಲ.

ಎರಡು ತಿಂಗಳ ಹಿಂದೆ ಈ ಹಲಗೆ ಕೊರೆದು ಹಾಡಿನ ಸೆಟ್ಟು ಕೂರಿಸಿದವನು ಅವನೇ. ಕಾರುಗಳಿಗೆ ಹಾಕಿ ಪಳಗಿದ ಕೈ. ದೋಣಿ ಇದೇ ಮೊದಲು. ದೋಣಿಯ ಯಜಮಾನರು ಅಂಗಡಿ ಮುಚ್ಚಿ ಮನೆ ಸೇರಿದ ದರ್ಜಿ. "ನಮ್ಮವಳಿಗೆ ನೀರಿನ ಮೇಲೂ ಹಾಡು ಬೇಕಂತೆ," ಎಂದಿದ್ದರು. "ಮತ್ತಿನ್ನೇನು? ಇವರ ಬಾಯಿಂದ ಗಂಟೆಗೊಂದು ಮಾತು ಬರುತ್ತೆ. ಅದೂ ಹಗ್ಗ ಹಿಡ್ಕೋ ಅಂತ," ಎಂದಿದ್ದರು ಅವರ ಹೆಂಡತಿ. ಅವನು ಗುರುತು ಹಾಕಿದ ಜಾಗ ನೋಡಿ ದರ್ಜಿ ಕೇಳಿದ್ದರು: "ಕಂಪಾಸಿಗೆ ಇಷ್ಟು ಹತ್ತಿರ ಇದ್ರೆ ಪರವಾಗಿಲ್ವೇನಪ್ಪಾ?" ದೂರ ಹಾಕಿದರೆ ವೈರು ಎಳೆಯಲು ಇನ್ನೊಂದು ಗಂಟೆ ಬೇಕಿತ್ತು, ಅವನಿಗೆ ಹಸಿವಾಗಿತ್ತು. "ಯಜಮಾನ್ರೇ, ಮುನ್ನೂರು ಕಾರಿಗೆ ಹಾಕಿದ ಕೈ ಇದು. ಅಂಗಿ ಹೊಲಿಯೋದು ಹೇಗೆ ಅಂತ ನಿಮಗೆ ನಾನು ಹೇಳಿಕೊಡ್ತೀನಾ?" ಎಂದು ನಕ್ಕಿದ್ದ. ದರ್ಜಿಯ ಮುಖ ಸಣ್ಣದಾಗಿತ್ತು. "ಇಲ್ಲಪ್ಪ, ಸುಮ್ಮನೆ ಕೇಳಿದೆ," ಎಂದು ಹಿಂದೆ ಸರಿದಿದ್ದರು.

ಈಗ ಅವರ ಹೆಂಡತಿ ಧಕ್ಕೆಯ ಮೇಲೆ ಬೋರಲು ಹಾಕಿದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು.

"ಹಾಡು ಮಾತ್ರ ಒಂಚೂರೂ ನಿಲ್ಲಲಿಲ್ಲ ಕಣಪ್ಪಾ," ಎಂದರು ಅವನತ್ತ ಬಾಗಿ. "ಸುತ್ತ ಮಂಜು. ದೋಣಿ ಬಂಡೆಗೆ ಬಡಿದು, ನಾನು ಕೈಮುರಿದು ಬಿದ್ದು ಅಯ್ಯೋ ಅಂತಿದ್ದೀನಿ, ಅದರ ಪಾಡಿಗೆ ಅದು ಹಾಡ್ತಾನೇ ಇದೆ. ಕೆಲಸ ಅಂದ್ರೆ ಹಾಗಿರಬೇಕು. ಅದಕ್ಕೇ ದೋಣಿ ಮಾರಿದ್ರೂ ಸೆಟ್ಟು ಮನೆಗೆ ಬರಲಿ ಅಂದೆ."

"ಕಂಪಾಸು ತೋರಿಸಿದ ಕಡೆಗೇ ಬಂದೆ ಅಂತ ನಾನು ಅಂದುಕೊಂಡಿದ್ದೆ," ಎಂದರು ಅವರ ಪಕ್ಕ ನಿಂತಿದ್ದ ದರ್ಜಿ, ಯಾರಿಗೆಂದಿಲ್ಲದೆ. "ಬಿಸಿಲಿದ್ದಾಗ ದೀಪಸ್ತಂಭ ಕಾಣುತ್ತೆ, ಮುಳ್ಳು ನೋಡೋರು ಯಾರು? ಮಂಜು ಬಿದ್ದ ದಿನ ನನ್ನ ಕಣ್ಣಿನ ಬಣ್ಣ ಬಯಲಾಯ್ತು. ನಲವತ್ತು ವರ್ಷ ಅನ್ನ ಹಾಕಿದ ಕಣ್ಣು, ಇವಳ ಕೈ ಮುರೀತು."

"ಆಯ್ತು ಬಿಡಿ. ನಾಲ್ಕು ಗಂಟೆಗೆ ಕೊಳ್ಳೋನು ಬರ್ತಾನೆ. ಅವನೆದುರು ಕಣ್ಣು ಒರೆಸಿಕೊಂಡು ನಿಲ್ಲಬೇಡಿ," ಎಂದರು ಹೆಂಡತಿ.

ತಾನು ಬಾಯಿ ಮುಚ್ಚಿಕೊಂಡಿದ್ದರಾಯಿತು, ಎಂದುಕೊಂಡ ಮೆಕ್ಯಾನಿಕ್. ಇನ್ನರ್ಧ ಗಂಟೆಯಲ್ಲಿ ಸೆಟ್ಟು ಇವರ ಮನೆಗೆ, ದೋಣಿ ಯಾರದೋ ಕೈಗೆ. ಮುಳ್ಳಂತೂ ಆಗಲೇ ಸರಿಹೋಗಿತ್ತು. ಇವರೊಬ್ಬರು ಮಾತ್ರ ತಮ್ಮ ಕಣ್ಣಿಗೆ ಹೆದರಿಕೊಂಡು ಉಳಿದ ಕಾಲ ದಡದಲ್ಲಿ ಕೂರುತ್ತಾರೆ. ಮೆಕ್ಯಾನಿಕ್ ತುಟಿ ಒದ್ದೆ ಮಾಡಿಕೊಂಡ.

"ಯಜಮಾನ್ರೇ... ನಿಮ್ಮ ಕಣ್ಣು..."

"ಕಣ್ಣಿಗೇನಪ್ಪಾ?"

"ಹೊಸ ಕನ್ನಡಕ ಚೆನ್ನಾಗಿ ಒಪ್ಪುತ್ತೆ."

"ಒಪ್ಪದೆ ಏನು," ಎಂದರು ಅವರ ಹೆಂಡತಿ. "ಈಗ ನನ್ನ ಮುಖದ ಸುಕ್ಕೆಲ್ಲ ಎಣಿಸ್ತಾರೆ."

ಅವನು ನಗಲು ನೋಡಿದ. ಕಿವಿ ಸುಡುತ್ತಿತ್ತು.

ದರ್ಜಿ ಹಗ್ಗ ಹಿಡಿದು ದೋಣಿಗೆ ಇಳಿದರು. ಇಬ್ಬರ ಮೊಣಕಾಲು ಒಂದಕ್ಕೊಂದು ತಾಗುವಷ್ಟೇ ಜಾಗ. ಅವರು ಬಂದದ್ದೇ ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು, ಸ್ಪೀಕರಿನ ಸಮೇತ. ಮೇಷ್ಟ್ರೆದುರು ಏನೋ ಬಚ್ಚಿಟ್ಟುಕೊಂಡವನ ಹಾಗೆ ಹಲಗೆಗೆ ಒರಗಿ ನಿಂತ.

"ಇದನ್ನೊಮ್ಮೆ ಒರೆಸಿಬಿಡ್ತೀನಿ. ಕೊಳ್ಳೋನು ಧೂಳು ನೋಡಬಾರದು," ಎಂದು ಅವರು ಅಂಗಿಯ ತುದಿಯಿಂದ ದಿಕ್ಸೂಚಿಯ ಗಾಜನ್ನು ಒರೆಸಿದರು. ಗುಂಡಿ ಹಾಕಿದ ಮೇಲೆ ಅಂಗಿಯ ಕಾಲರು ಸರಿಪಡಿಸುವ ಹಾಗೆ, ಮೆಲ್ಲಗೆ. ಆಮೇಲೆ ಬಗ್ಗಿ ನೋಡಿದರು. ತಲೆ ಎತ್ತಿ, ಧಕ್ಕೆಯ ತುದಿಯ ದೀಪದ ಕಂಬ ನೋಡಿದರು. ಅದು ಇದ್ದದ್ದು ಉತ್ತರಕ್ಕೆ, ಎಂದಿನಂತೆ. ಮುಳ್ಳಿನ ಕೆಂಪು ತುದಿ ಅತ್ತ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ನೋಡಪ್ಪಾ," ಎಂದರು ಸಣ್ಣ ದನಿಯಲ್ಲಿ, "ಇಷ್ಟು ದಪ್ಪ ಗಾಜು ಹಾಕಿದ್ರೂ ನನಗೆ ಓರೆಯಾಗೇ ಕಾಣುತ್ತೆ."

ಮೆಕ್ಯಾನಿಕ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ದರ್ಜಿಯ ಕಣ್ಣೆದುರಲ್ಲೇ, ಮುಳ್ಳೂ ಅವನ ಹಿಂದೆ ಸರಿಯಿತು.