ಹಡಗಿನ ದಾಖಲೆಗೆ ಒಂದು ಪದ

"'ನೆಗ್ಲಿಜೆನ್ಸ್' ಅಂತ ಬರಿ," ಎಂದರು ಕ್ಯಾಪ್ಟನ್ ಎಪಿಫಾನಿಯೊ.

ರೊದೆಲನ ಪೆನ್ನು ನಿಂತಿತು. ಅಂದು ಬೆಳಿಗ್ಗೆ ಏಳಕ್ಕೆ, ಸುರಿಗಾವ್ ಕರಾವಳಿಯ ಹತ್ತಿರ, ಕೊಬ್ಬರಿ ಹೊತ್ತ ಅವರ ಹಡಗು ಮೀನುಗಾರನೊಬ್ಬನ ದೋಣಿಗೆ ಗುದ್ದಿತ್ತು. ಬಡಪಾಯಿಯ ಜೀವ ಉಳಿದಿತ್ತು, ಕಾಲು ಮುರಿದಿತ್ತು. ಆಗ ದಾರಿ ನೋಡುವ ಕಾವಲಿಗಿದ್ದವನು ಹಡಗಿನ ಕಿರಿಯ ಅಧಿಕಾರಿ, ಸೆಕೆಂಡ್ ಮೇಟ್ ರೊದೆಲ್. ನಿಂತಲ್ಲೇ ತೂಕಡಿಸಿದ್ದ.

ದಾಖಲೆ ಪುಸ್ತಕ ಇಂಗ್ಲಿಷಿನಲ್ಲೇ ಇರಬೇಕು. ಅದರಲ್ಲಿ ತನ್ನ ಹೆಸರಿನ ಮುಂದೆ ಆ ಪದ ಬಿದ್ದವನನ್ನು ಮತ್ತೆ ಯಾವ ಕಂಪನಿಯೂ ಹಡಗು ಹತ್ತಿಸುವುದಿಲ್ಲ. ಊರಾದ ಬೋಹೊಲಿನಲ್ಲಿ ರೊದೆಲನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು.

"'ಮಿಸ್ಟೇಕ್' ಅಂತ ಹಾಕ್ಲಾ, ಕ್ಯಾಪ್ಟನ್?"

"ಇಂಗ್ಲಿಷಿನಲ್ಲಿ ಪದಕ ತಗೊಂಡವನಿಗೆ ನಾನು ಪಾಠ ಹೇಳ್ಬೇಕಾ? ನೋಡಿಯೂ ತಪ್ಪು ತಿಳ್ಕೊಂಡ್ರೆ ಮಿಸ್ಟೇಕ್. ನೋಡ್ಬೇಕಾದವನು ನೋಡೋಕೇ ಹೋಗ್ದಿದ್ರೆ ನೆಗ್ಲಿಜೆನ್ಸ್. ಬರಿ."

ರೊದೆಲ್ ತಲೆಯೆತ್ತಿದ. "ನಿನೋಂಗ್, ನನ್ನ ಮದುವೇಲಿ ಧರ್ಮಪಿತ ಆಗಿ ನಿಂತವರು ನೀವು."

"ಇಲ್ಲಿ ನಾನು ನಿನೋಂಗ್ ಅಲ್ಲ, ಕ್ಯಾಪ್ಟನ್."

ಬರೆದ. ಅಕ್ಷರಗಳು ಸೊಟ್ಟಗಾದವು.

"ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತು?"

"ಇಪ್ಪತ್ತೆರಡು ಗಂಟೆ."

"ಅದನ್ನೂ ಬರಿ. ಕಾವಲಿಗೆ ನಿಲ್ಲೋಕಾಗಲ್ಲ ಅಂತ ಬಾಯಿಬಿಟ್ಟು ಹೇಳಿದ್ಯಾ?"

"ಇಲ್ಲ."

ಹೇಗೆ ಹೇಳುವುದು? ಆ ಹೊತ್ತಿಗೆ ಕಾವಲಿಗೆ ನಿಲ್ಲಬೇಕಿದ್ದ ಚೀಫ್ ಮೇಟ್ ಜ್ವರ ಬಂದು ಮಲಗಿದ್ದ. ಹಿಂದಿನ ದಿನ ಸೆಬು ಬಂದರಿನಲ್ಲಿ ಹಗಲೆಲ್ಲ ಸರಕು ತುಂಬಿಸಿ ದಣಿದಿದ್ದರೂ, ತನ್ನ ಮದುವೆಗೆ ನಿಂತ ನಿನೋಂಗ್ "ಕಾವಲಿಗೆ ನಿಲ್ತೀಯಾ?" ಎಂದರೆ ಆಗುವುದಿಲ್ಲ ಎನ್ನಲು ರೊದೆಲನಿಗೆ ನಾಚಿಕೆ. ನಗುತ್ತಲೇ ಹೂಂ ಎಂದಿದ್ದ.

"ಹೇಳ್ಲಿಲ್ಲ ಅಂತಾನೂ ಸೇರಿಸು. ಆದ್ರೆ ಕಾವಲಿನವನ ಮುಖ ನೋಡಿದ್ರೇ ದಣಿವು ಗೊತ್ತಾಗ್ತಿತ್ತು ಅಂತ."

ಗುಂಡಿಯನ್ನು ಇನ್ನೂ ಆಳಕ್ಕೆ ತೋಡುತ್ತಿದ್ದಾರೆ ಎಂದು ರೊದೆಲನಿಗೆ ಸಿಟ್ಟು ಬಂತು. ಆದರೂ ಬರೆದ. ತಪ್ಪಿತಸ್ಥನ ಹೆಸರಿನ ಜಾಗಕ್ಕೆ ಬಂದಾಗ ತನ್ನದನ್ನೇ ಬರೆಯಲು ಕೈ ಏಳಲಿಲ್ಲ.

"ಆ ಜಾಗ ಆಮೇಲೆ ತುಂಬು," ಎಂದರು ಕ್ಯಾಪ್ಟನ್. "ಮೊದಲು ಗಟ್ಟಿಯಾಗಿ ಓದು. ನಿಯಮ ಗೊತ್ತಲ್ಲ? ತಪ್ಪು ಮಾಡಿದವನು ಎದುರಿಗೆ ನಿಂತು ಕೇಳಿಸ್ಕೊಬೇಕು. ಅವನು ಕೊಡೋ ಉತ್ತರಾನೂ ಬರ್ಕೋಬೇಕು."

ರೊದೆಲ್ ಪುಸ್ತಕ ಹಿಡಿದು ಎದ್ದ.

"ನೀನ್ಯಾಕೆ ಏಳ್ತೀಯಾ? ಕೂತ್ಕೋ."

ಕ್ಯಾಪ್ಟನ್ ಎಪಿಫಾನಿಯೊ ಟೋಪಿ ತೆಗೆದರು. ಮೇಜು ಬಳಸಿ ಬಂದು ಅವನೆದುರು ನೆಟ್ಟಗೆ ನಿಂತರು.

"ನಿದ್ದೆಗೆಟ್ಟವನನ್ನ ಕಾವಲಿಗೆ ನಿಲ್ಲಿಸಿ, ಹೋಗಿ ಮಲಗಿದವನು ನಾನು. ಹೂಂ, ಓದು."